ಸ್ಪಷ್ಟನೆ: ಆ ಸಿಲಿಂಡರಿನಲ್ಲಿದ್ದದ್ದು ಆಮ್ಲಜನಕವಲ್ಲ

ಫ್ರಾನ್ಸಿನ ಹೆಸರಾಂತ ಸಾಗರ ಅನ್ವೇಷಕ ಝಾಕ್ ಕುಸ್ತೊ ತಮ್ಮ ಏಳು ವರ್ಷದ ಮಗನ ಬೆನ್ನಿಗೆ ‘ಶುದ್ಧ ಆಮ್ಲಜನಕದ ಸಿಲಿಂಡರ್’ ಕಟ್ಟಿ ಕಡಲಿಗಿಳಿಸಿದರು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಹುಡುಗ ಇಳಿದದ್ದು ನಿಜ. 1945ರ ಆ ನೆನಪನ್ನು ಆ ಮಗ ಝಾನ್-ಮಿಶೆಲ್ ಕುಸ್ತೊ ಅವರೇ ಹಲವು ಬಾರಿ ಹೇಳಿಕೊಂಡಿದ್ದಾರೆ. ಆಮ್ಲಜನಕದ ಮಾತು ಮಾತ್ರ ತಪ್ಪು.

ಹುಡುಗನ ಬೆನ್ನಿಗಿದ್ದದ್ದು ನೀರಿನಡಿ ಉಸಿರಾಡಲು ನೆರವಾಗುವ ಸಾಧನ ಅಕ್ವಾಲಂಗ್. 1943ರಲ್ಲಿ ಝಾಕ್ ಕುಸ್ತೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ರೂಪಿಸಿದ ಇದು, ಒತ್ತಿ ತುಂಬಿದ ಸಾಮಾನ್ಯ ಗಾಳಿಯನ್ನು ಸುತ್ತಲಿನ ನೀರಿನ ಒತ್ತಡಕ್ಕೆ ಹೊಂದಿಸಿ, ಉಸಿರೆಳೆದಾಗ ಮಾತ್ರ ಕೊಡುತ್ತದೆ. ಶುದ್ಧ ಆಮ್ಲಜನಕವನ್ನು ಸುಮಾರು 6 ಮೀಟರಿಗಿಂತ ಆಳದಲ್ಲಿ ಉಸಿರಾಡಿದರೆ ಫಿಟ್ಸ್ ಬಂದು ಪ್ರಜ್ಞೆ ತಪ್ಪಬಹುದು. ನೀರಿನಡಿ ಅದು ಪ್ರಾಣಕ್ಕೇ ಎರವಾಗಬಹುದು. ಹಿಂದಿನ ಆಮ್ಲಜನಕ ಪ್ರಯೋಗದಲ್ಲಿ ಝಾಕ್ ಕುಸ್ತೊ ಅವರಿಗೇ ಫಿಟ್ಸ್ ಬಂದು ಪ್ರಜ್ಞೆ ತಪ್ಪಿತ್ತು.

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆಂದು ಹೊರಟವರೂ ಇದನ್ನು ನಂಬಿಯಾರು ಎಂಬ ಆತಂಕ ನನ್ನದು. ದಯವಿಟ್ಟು ಈ ಸಂದೇಶವನ್ನು ಮುಂದೆ ಕಳುಹಿಸಬೇಡಿ.