ವಾಪಸ್ ಹೋಗೋದ್ರಲ್ಲೇ ಆಟದ ಅರ್ಧ ಮಜಾ ಇದೆ

‘ಹೋದ ಜಾಗಕ್ಕೇ ಮತ್ತೆ ಮತ್ತೆ ಹೋಗ್ಬೇಕು, ಬೋರು’ ಅಂತ ಹಾಲೋ ನೈಟ್ ಅನ್ನುವ ವಿಡಿಯೋ ಗೇಮನ್ನು ಅರ್ಧಕ್ಕೇ ಬಿಟ್ಟವರು ನನ್ನ ಸ್ನೇಹಿತರಲ್ಲೇ ಇದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ಅದರ ಮುಂದಿನ ಭಾಗ ಸಿಲ್ಕ್‌ಸಾಂಗ್ ಬಂದ ಮೇಲೂ ಅದೇ ಮಾತು. ನನಗೆ ಇದನ್ನು ಒಪ್ಪಲು ಆಗುವುದೇ ಇಲ್ಲ. ಆ ವಾಪಸ್ ಓಡಾಟ ತೆಗೆದುಬಿಟ್ಟರೆ ಉಳಿಯುವುದು ಬರೀ ಹೊಡೆದಾಟ.

1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಪರದೆ ಬಲಕ್ಕೆ ಮಾತ್ರ ಸರಿಯುತ್ತಿತ್ತು. ಒಂದು ನಾಣ್ಯ ಬಿಟ್ಟು ಮುಂದೆ ಹೋದರೆ ಅದು ಹೋದ ಹಾಗೇ. ಮರುವರ್ಷ ಅದನ್ನು ಮಾಡಿದ ನಿಂಟೆಂಡೊ ಕಂಪನಿಯೇ ಮೆಟ್ರಾಯ್ಡ್ ಅನ್ನುವ ಆಟ ತಂದಿತು. ಆಟ ಶುರುವಾದ ಕೂಡಲೇ ಅಭ್ಯಾಸಬಲದಿಂದ ಬಲಕ್ಕೆ ಓಡುತ್ತೀರಿ. ಮುಂದೆ ದಾರಿ ತೀರಾ ತಗ್ಗು, ನಿಂತುಕೊಂಡು ನುಗ್ಗಲು ಆಗುವುದಿಲ್ಲ. ಉಂಡೆಯಾಗಿ ಉರುಳುವ ಶಕ್ತಿ ಇರುವುದು ನೀವು ಹೊರಟ ಜಾಗದ ಎಡಕ್ಕೆ, ಅಲ್ಲೇ ಹತ್ತಿರದಲ್ಲಿ! ಯಾರೂ ಬಂದು ಹೇಳುವುದಿಲ್ಲ, ಬಾಣದ ಗುರುತೂ ಇಲ್ಲ. ಸುಮ್ನೆ ಎಡಕ್ಕೂ ಒಮ್ಮೆ ನೋಡೋಣ ಅಂತ ನಿಮಗೇ ಅನ್ನಿಸಬೇಕು.

ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರಿ ಅನ್ನುವ ಪುಟ್ಟ ತಂಡ 2017ರಲ್ಲಿ ಹಾಲೋ ನೈಟ್ ಮಾಡಿದಾಗ ಇದನ್ನೇ ಇನ್ನೂ ಮುಂದಕ್ಕೆ ಒಯ್ದಿತು. ಹೊಸ ಪ್ರದೇಶಕ್ಕೆ ಕಾಲಿಟ್ಟಾಗ ಕೈಯಲ್ಲಿ ನಕ್ಷೆಯೇ ಇರುವುದಿಲ್ಲ. ನೆಲದ ಮೇಲೆ ಕಾಗದದ ಚೂರುಗಳು ಬಿದ್ದಿರುತ್ತವೆ, ಎಲ್ಲೋ ಗುನುಗುವ ದನಿ ಕೇಳುತ್ತದೆ. ಅದನ್ನೇ ಹಿಡಿದು ಹೋದರೆ ನಕ್ಷೆ ಮಾರುವ ಕಾರ್ನಿಫರ್ ಸಿಗುತ್ತಾನೆ. ಅವನು ಕೊಡುವ ನಕ್ಷೆಯೂ ಅರ್ಧಂಬರ್ಧ. ಉಳಿದದ್ದು ಬರೆಯಲು ಅವನ ಹೆಂಡತಿ ಇಸೆಲ್ಡಾ ಅಂಗಡಿಯಲ್ಲಿ ಗರಿಯ ಲೇಖನಿ ಕೊಳ್ಳಬೇಕು. ಅದಿದ್ದರೂ, ನೀವು ನಡೆದ ದಾರಿ ನಕ್ಷೆಗೆ ಇಳಿಯುವುದು ಬೆಂಚಿನ ಮೇಲೆ ಕೂತಾಗ ಮಾತ್ರ. ನಾನು ಈಗ ಎಲ್ಲಿದ್ದೇನೆ ಅಂತ ತೋರಿಸುವ ದಿಕ್ಸೂಚಿಗೂ ಒಂದು ಚಾರ್ಮ್‌ನ (ಶಕ್ತಿ ಕೊಡುವ ತಾಯಿತದ) ಜಾಗ ಬಿಟ್ಟುಕೊಡಬೇಕು.

ಇಷ್ಟೆಲ್ಲ ತೊಂದರೆ ಯಾಕೆ ಅಂದರೆ, ನೆನಪು ಕೆಲಸ ಮಾಡಲಿ ಅಂತ. ‘ಆ ಗೋಡೆ ಎತ್ತರ ಜಾಸ್ತಿ ಇತ್ತು’, ‘ಅಲ್ಲಿ ಆಸಿಡ್ ಕೊಳ ಅಡ್ಡ ಇತ್ತು’ ಅಂತ ತಲೆಯಲ್ಲಿ ಕೂರುತ್ತಾ ಹೋಗುತ್ತದೆ. ಆಮೇಲೆ ಒಂದು ದಿನ ಮ್ಯಾಂಟಿಸ್ ಕ್ಲಾ ಸಿಗುತ್ತದೆ, ಗೋಡೆ ಹಿಡಿದು ಹತ್ತಲು ಬರುತ್ತದೆ. ಆ ಕ್ಷಣಕ್ಕೆ ಬಿಟ್ಟು ಬಂದ ಗೋಡೆಗಳೆಲ್ಲ ಒಟ್ಟಿಗೆ ಕಣ್ಮುಂದೆ ಬರುತ್ತವೆ. ಯಾವುದಕ್ಕೆ ಮೊದಲು ಓಡಲಿ ಅನ್ನುವ ಆ ಖುಷಿ ಇದೆಯಲ್ಲ, ಅದು ಯಾವ ಬಾಸ್‌ನನ್ನು, ಅಂದರೆ ದೊಡ್ಡ ಶತ್ರುವನ್ನು, ಸೋಲಿಸಿದರೂ ನನಗೆ ಸಿಕ್ಕಿಲ್ಲ. ಆಟ ಶುರುವಾದ ಕಿಂಗ್ಸ್ ಪಾಸ್‌ಗೆ ಡರ್ಟ್‌ಮೌತ್ ಊರಿನ ಪಕ್ಕದ ಬಂಡೆ ಹತ್ತಿ ವಾಪಸ್ ಹೋಗುವುದೂ ಆಗಲೇ. ಅಲ್ಲಿಂದ ಹೊಸ ದಾರಿಯೇ ತೆರೆಯುತ್ತದೆ.

ಜಾಗಗಳೂ ಇದ್ದ ಹಾಗೇ ಇರುವುದಿಲ್ಲ. ಫರ್‌ಗಾಟನ್ ಕ್ರಾಸ್‌ರೋಡ್ಸ್‌ನಲ್ಲಿ ಮೈಲಾ ಅನ್ನುವವಳು ಹಾಡಿಕೊಂಡು ಗಣಿ ಅಗೆಯುತ್ತಿರುತ್ತಾಳೆ. ಆ ಕಡೆ ಬಂದಾಗಲೆಲ್ಲ ಅವಳನ್ನು ಮಾತಾಡಿಸಿ. ಇದಕ್ಕಿಂತ ಜಾಸ್ತಿ ಹೇಳಿದರೆ ಇನ್ನೂ ಆಡದವರಿಗೆ ಅನ್ಯಾಯ.

ಒಂದು ದೂರು ಮಾತ್ರ ನಾನೂ ಒಪ್ಪುತ್ತೇನೆ. ಬಾಸ್ ಕೈಲಿ ಸತ್ತು, ಕೊನೆಗೆ ಕೂತಿದ್ದ ದೂರದ ಬೆಂಚಿನಿಂದ ಮತ್ತೆ ಶುರು ಮಾಡಿ ಅದೇ ದಾರಿಯಲ್ಲಿ ಅದೇ ಜಿಗಿತ ಜಿಗಿದು ಮತ್ತೆ ಅಲ್ಲಿಗೇ ಬರುವುದು ಬೇಸರದ ಕೆಲಸ. ಅಲ್ಲಿ ಹೊಸದಾಗಿ ನೋಡಲು ಏನೂ ಇಲ್ಲ, ನಿಮ್ಮ ಕೈಗೆ ಹೊಸ ಶಕ್ತಿಯೂ ಬಂದಿಲ್ಲ. ಆದರೆ ಈ ಓಡಾಟವನ್ನೂ ಹೊಸ ಶಕ್ತಿ ಸಿಕ್ಕ ಮೇಲೆ ಹಳೆಯ ಜಾಗಕ್ಕೆ ವಾಪಸ್ ಹೋಗುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ವಾರಾಂತ್ಯಕ್ಕೊಮ್ಮೆ ಆಡುವವರಿಗೆ ನೆನಪಿಟ್ಟುಕೊಳ್ಳುವುದು ಕಷ್ಟ, ನಿಜ. ಅದಕ್ಕೆ 2024ರ ಪ್ರಿನ್ಸ್ ಆಫ್ ಪರ್ಷಿಯಾ: ದಿ ಲಾಸ್ಟ್ ಕ್ರೌನ್ ಚೆನ್ನಾದ ಉಪಾಯ ಮಾಡಿದೆ. ಹೋಗಲಾಗದ ಜಾಗದ ಫೋಟೋ ತೆಗೆದು ನಕ್ಷೆಗೇ ಅಂಟಿಸಬಹುದು. ಉತ್ತರ ಹೇಳಿಕೊಡುವುದಿಲ್ಲ, ನಿಮ್ಮ ಪ್ರಶ್ನೆಯನ್ನು ಜೋಪಾನವಾಗಿ ಇಟ್ಟಿರುತ್ತದೆ ಅಷ್ಟೆ. ಈ ಬಗೆಯ ಎಲ್ಲ ಆಟಗಳಲ್ಲೂ ಇದು ಬರಬೇಕು.

ಹಾಗಾಗಿ ಮೊದಲ ಸಲ ಆಡುವವರಲ್ಲಿ ಒಂದು ಕೋರಿಕೆ. ಪಕ್ಕದಲ್ಲಿ ಯೂಟ್ಯೂಬ್ ಗೈಡ್ ತೆಗೆದಿಟ್ಟುಕೊಂಡು ಕೂರಬೇಡಿ. ಇಸೆಲ್ಡಾ ಹತ್ತಿರ ನಕ್ಷೆಗೆ ಹಾಕುವ ಗುರುತುಗಳೂ ಸಿಗುತ್ತವೆ. ಹತ್ತಲಾಗದ ಗೋಡೆಗೆ ಒಂದು ಬಗೆ, ಆಸಿಡ್ ಕೊಳಕ್ಕೆ ಇನ್ನೊಂದು ಬಗೆ ಹಾಕಿಕೊಳ್ಳಿ. ಅಷ್ಟಾದ ಮೇಲೂ ಬೋರ್ ಆದರೆ ನನಗೆ ಹೇಳಿ, ಕೂತು ಮಾತಾಡೋಣ.