ತರಗತಿಯೊಳಗೆ ನುಗ್ಗುವ ಹಾರ್ನ್ ಸದ್ದು

ನಾನು ಪಾಠ ಹೇಳುವ ಸರ್ಕಾರಿ ಪ್ರಾಥಮಿಕ ಶಾಲೆಯ ಕಿಟಕಿಗಳು ನೇರವಾಗಿ ನಗರದ ಮುಖ್ಯರಸ್ತೆಗೆ ತೆರೆದುಕೊಳ್ಳುವುದರಿಂದ, ಈಗಷ್ಟೇ ಓದಲು ಕಲಿಯುತ್ತಿರುವ ಮಗು ಅಕ್ಷರಗಳನ್ನು ಕೂಡಿಸಿಕೊಂಡು ಪದವೊಂದನ್ನು ಉಚ್ಚರಿಸುವಷ್ಟರಲ್ಲಿ ಹೊರಗಿನ ಹಾರ್ನ್ ಅದನ್ನು ನುಂಗಿಹಾಕುತ್ತದೆ. ಪಾಠದ ವೇಳೆ ತರಗತಿಯೊಳಗಿನ ಹಿನ್ನೆಲೆ ಸದ್ದು 35 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ದೊಡ್ಡವರು ಕೇಳಿಸದ ಮಾತನ್ನು ಸಂದರ್ಭದಿಂದ ಊಹಿಸಿಕೊಳ್ಳಬಲ್ಲರು. ಪದಸಂಪತ್ತು ಇನ್ನೂ ಬೆಳೆಯುತ್ತಿರುವ ಮಕ್ಕಳಿಗೆ ಅದು ಕಷ್ಟ, ಹಿಂದಿನ ಬೆಂಚಿನವರಿಗಂತೂ (ಅವರಲ್ಲಿ ಹಲವರು ಸಂಕೋಚದಿಂದ ಮತ್ತೊಮ್ಮೆ ಕೇಳುವುದೇ ಇಲ್ಲ) ಇಡೀ ವಾಕ್ಯವೇ ತಪ್ಪಿಹೋಗುತ್ತದೆ. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಗದ್ದಲ. ಸಂಜೆಯ ಹೊತ್ತಿಗೆ ನಮ್ಮ ಶಿಕ್ಷಕರೆಲ್ಲರ ಗಂಟಲು ಕಟ್ಟಿಹೋಗಿರುತ್ತದೆ. ಶಾಲಾ ವಲಯವೆಂಬ ಫಲಕ ಕಣ್ಣೆದುರೇ ಇದ್ದರೂ, ಕೆಂಪು ದೀಪದ ಮುಂದೆ ನಿಂತು ಹಾರ್ನ್ ಒತ್ತುತ್ತಲೇ ಇರುವವರನ್ನು ಕಂಡಾಗ ನನಗೆ ತಡೆಯಲಾರದಷ್ಟು ಸಿಟ್ಟು ಬರುತ್ತದೆ.