ಈಗ ಯಾರಿಗೆ ಹೇಳೋದು?

ಹೋದ ಗುರುವಾರ ರಾತ್ರಿ ಎಂಟೂವರೆ ಇರಬೇಕು. ಅಂಗಡಿಯಲ್ಲಿ ಗಿರಾಕಿ ಕಡಿಮೆ ಇದ್ದ ಹೊತ್ತು. ಹಿಂದಿನ ಅಡ್ಡರಸ್ತೆಯ ಅಜ್ಜಿಯೊಬ್ಬರು ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ನಿಧಾನಕ್ಕೆ ನಡೆದು ಬಂದರು. ಇನ್ನೊಂದು ಚಪ್ಪಲಿ ಚರಂಡಿಗೆ ಬಿದ್ದಿತ್ತು. ತಿರುವಿನಲ್ಲಿ ಚರಂಡಿ ಮೇಲಿನ ಚಪ್ಪಡಿ ಒಡೆದು ತಿಂಗಳಾಗಿದೆ. ಅದೇ ಜಾಗದ ಬೀದಿ ದೀಪವೂ ಉರಿಯುತ್ತಿಲ್ಲ. ಕತ್ತಲಲ್ಲಿ ಗೊತ್ತಾಗದೆ ಕಾಲಿಟ್ಟಿದ್ದಾರೆ. ಮೊಣಕಾಲು ತರಚಿತ್ತು, ಸೀರೆ ಅಂಚೆಲ್ಲ ಕೆಸರು. ಸ್ಟೂಲ್ ಹಾಕಿ ಕೂರಿಸಿ ನೀರು ಕೊಟ್ಟೆ. ಕುಡಿದು ಅವರು ಕೇಳಿದ್ದು ಒಂದೇ ಮಾತು.

"ಈಗ ಯಾರಿಗೆ ಹೇಳೋದಪ್ಪಾ?"

ನನಗೆ ಉತ್ತರ ಕೊಡೋಕೆ ಆಗಲಿಲ್ಲ. ಅವರನ್ನು ಮನೆಗೆ ಬಿಟ್ಟು ಬಂದ ಮೇಲೂ ಆ ಮಾತು ತಲೆಯಿಂದ ಹೋಗಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಬೆಂಗಳೂರಿನಲ್ಲಿ ಕೊನೆಯ ಸಲ ಪಾಲಿಕೆ ಚುನಾವಣೆ ನಡೆದದ್ದು 2015ರ ಆಗಸ್ಟ್ 22ಕ್ಕೆ. ಆಗ 198 ವಾರ್ಡುಗಳಿದ್ದವು. ಆ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅವತ್ತಿನಿಂದ ನಮ್ಮ ವಾರ್ಡಿಗೆ ಕಾರ್ಪೊರೇಟರ್ ಇಲ್ಲ. ಆ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಕ್ಕಳು 2025ರಲ್ಲೇ ಆರನೇ ಕ್ಲಾಸಿಗೆ ಬಂದರು. ಅವರಲ್ಲಿ ಒಬ್ಬರನ್ನು ನಿಲ್ಲಿಸಿ "ಕಾರ್ಪೊರೇಟರ್ ಅಂದರೆ ಯಾರು ಪುಟ್ಟಾ?" ಅಂತ ಕೇಳಿ ನೋಡಿ. ನಾನು ಕೇಳಿದ್ದೇನೆ. ಗೊತ್ತಿಲ್ಲ ಅಂದರು.

ನನ್ನದು ಚಿಕ್ಕ ಪ್ರಾವಿಜನ್ ಸ್ಟೋರ್. ಬೆಳಗ್ಗೆ ಆರಕ್ಕೆ ಹಾಲು ಇಳಿಸಿಕೊಳ್ಳುವುದರಿಂದ ರಾತ್ರಿ ಹತ್ತಕ್ಕೆ ಶಟರ್ ಎಳೆಯುವವರೆಗೂ ಬೀದಿ ನನ್ನ ಕಣ್ಣೆದುರೇ ಇರುತ್ತೆ. ಕಾರ್ಪೊರೇಟರ್ ಇದ್ದಾಗ ಹೇಗಿತ್ತು, ಇಲ್ಲದಾಗ ಹೇಗಿದೆ, ಎರಡನ್ನೂ ಇದೇ ಕೌಂಟರ್ ಹಿಂದೆ ನಿಂತು ನೋಡಿದ್ದೇನೆ.

2015ರಲ್ಲಿ ಅರ್ಧದಷ್ಟು ವಾರ್ಡು ಮಹಿಳೆಯರಿಗೆ ಮೀಸಲಾಗಿದ್ದವು. ನಮ್ಮದೂ ಅದರಲ್ಲಿ ಒಂದು. ಗೆದ್ದವರ ಹೆಸರು ಬೇಡ, ಪಕ್ಷವೂ ಬೇಡ. ನಾವೆಲ್ಲ ಅಕ್ಕ ಅಂತಲೇ ಕರೆಯುತ್ತಿದ್ದೆವು. ಮೊದಲ ಒಂದು ವರ್ಷ ಫೋನ್ ಮಾಡಿದರೆ ಎತ್ತುತ್ತಿದ್ದದ್ದು ಅವರ ಯಜಮಾನರು. ಬೀದಿಯ ಹೆಂಗಸರು ವಾರ್ಡ್ ಸಭೆಯಲ್ಲಿ ಮುಖಕ್ಕೇ ಕೇಳಿದರು. "ನಾವು ವೋಟು ಹಾಕಿದ್ದು ನಿಮಗೆ. ನಿಮ್ಮ ನಂಬರ್ ಕೊಡಿ." ಮಾರನೇ ದಿನದಿಂದ ಅಕ್ಕನೇ ಫೋನ್ ಎತ್ತಿದರು. ಅಲ್ಲಿಂದ ಮುಂದಿನ ನಾಲ್ಕು ವರ್ಷ ಅವರು ಮಾಡಿದ ಕೆಲಸ ನೆನಪಿಸಿಕೊಂಡರೆ ಈಗಲೂ ಹೊಟ್ಟೆ ತಣ್ಣಗಾಗುತ್ತೆ.

ಒಂದು ಉದಾಹರಣೆ ಹೇಳುತ್ತೇನೆ. 2017ರ ಬೇಸಿಗೆ. ನಮ್ಮಲ್ಲಿ ದಿನ ಬಿಟ್ಟು ದಿನ ಬೆಳಗಿನ ಜಾವ ಕಾವೇರಿ ನೀರು ಬರುತ್ತಿತ್ತು. ಒಂದು ವಾರ ನೀರಿಗೆ ವಾಸನೆ. ಮಕ್ಕಳಿಗೆ ವಾಂತಿ, ಭೇದಿ ಶುರುವಾಯಿತು. ಪೈಪ್ ಎಲ್ಲಿ ಒಡೆದಿದೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಪೂರ್ತಿ ರಸ್ತೆ ಅಗೆಯಬೇಕಾಗುತ್ತೆ ಅಂತ ಮಾತು ಬಂತು. ನೀರು ಬಿಡುವ ದಿನ ಬೆಳಗ್ಗೆ ಐದಕ್ಕೆ ಅಕ್ಕ ಬಂದರು. ಕೈಯಲ್ಲಿ ಟಾರ್ಚು. ಜೊತೆಗೆ ವಾಲ್ವ್‌ಮ್ಯಾನ್. ಒಂದೊಂದೇ ಮನೆಯ ನಲ್ಲಿ ತೆಗೆಸಿ, ಸ್ಟೀಲ್ ಲೋಟದಲ್ಲಿ ನೀರು ಹಿಡಿದು ಮೂಸಿ ನೋಡುತ್ತಾ ಬಂದರು. ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ. "ಮೊದಲ ಹತ್ತು ನಿಮಿಷ ಮಾತ್ರ ವಾಸನೆ ಬರುತ್ತಾ, ಕೊನೆವರೆಗೂ ಬರುತ್ತಾ?" ವಾಸನೆ ಇದ್ದ ಮನೆಯವರೆಲ್ಲ ಹೇಳಿದ್ದು ಮೊದಲ ಹತ್ತು ನಿಮಿಷ ಅಂತ.

ನೀರು ನಿಂತ ಹೊತ್ತಿನಲ್ಲಿ ಪೈಪ್ ಖಾಲಿ ಇರುತ್ತೆ. ಎಲ್ಲಾದರೂ ತೂತಿದ್ದರೆ ಸುತ್ತಲಿನ ಕೊಳಕು ನೀರು ಒಳಗೆ ಎಳೆದುಕೊಳ್ಳುತ್ತೆ. ಮತ್ತೆ ನೀರು ಬಿಟ್ಟಾಗ ಮೊದಲು ಬರುವುದು ಅದೇ. ಇದನ್ನು ಅವತ್ತು ವಾಲ್ವ್‌ಮ್ಯಾನ್ ಅಣ್ಣ ನಮಗೆ ಬಿಡಿಸಿ ಹೇಳಿದರು. ಮೊದಲ ನಾಲ್ಕು ಮನೆಯ ನೀರು ಚೆನ್ನಾಗಿತ್ತು. ಐದನೇ ಮನೆಯಿಂದ ಬೀದಿಯ ಕೊನೇ ಮನೆವರೆಗೂ ವಾಸನೆ. ಅಂದರೆ ತೊಂದರೆ ಇರುವುದು ನಾಲ್ಕಕ್ಕೂ ಐದಕ್ಕೂ ನಡುವೆ. ಅಗೆಯಬೇಕಾದ್ದು ಪೂರ್ತಿ ರಸ್ತೆಯಲ್ಲ, ಹತ್ತು ಹನ್ನೆರಡು ಅಡಿ. ಅಗೆದು ನೋಡಿದರೆ, ಯಾವುದೋ ಕಾಲದಲ್ಲಿ ಒಂದು ಮನೆಗೆ ಕೊಟ್ಟ ಕಬ್ಬಿಣದ ಪೈಪು ಚರಂಡಿಯೊಳಗಿಂದಲೇ ಹಾದುಹೋಗಿತ್ತು. ತುಕ್ಕು ಹಿಡಿದು ಜರಡಿಯಾಗಿತ್ತು. ಆ ತುಂಡನ್ನು ಎತ್ತಿ ನನ್ನ ಅಂಗಡಿ ಮುಂದೆ ಇಟ್ಟರು. ಬೀದಿಯವರೆಲ್ಲ ಬಂದು ನೋಡಿ ಮುಖ ಕಿವುಚಿಕೊಂಡು ಹೋದರು.

ಇಲ್ಲಿ ಒಂದು ವಿಷಯ ಗಮನಿಸಿ. ನೀರಿನ ಪೈಪು ಜಲಮಂಡಳಿಯದು. ಅದರ ಮೇಲಿನ ರಸ್ತೆ ಪಾಲಿಕೆಯದು. ಪೈಪ್ ರಿಪೇರಿಗೆ ರಸ್ತೆ ಅಗೆಯಬೇಕೆಂದರೆ ಅನುಮತಿ ಬೇಕು. ಅಗೆದ ಮೇಲೆ ಮುಚ್ಚುವವರು ಯಾರು ಅನ್ನುವ ಪ್ರಶ್ನೆ ಬೇರೆ. ಅಕ್ಕ ಎರಡೂ ಕಡೆಯ ಎಂಜಿನಿಯರುಗಳನ್ನು ಒಂದೇ ಗುಂಡಿಯ ಎದುರು ನಿಲ್ಲಿಸಿದರು. ಸಂಜೆ ಹೊತ್ತಿಗೆ ಹೊಸ ಪೈಪು ಬಂತು, ಗುಂಡಿಗೆ ಜಲ್ಲಿ ಬಿತ್ತು, ಎಲ್ಲರ ಸಂಪಿಗೂ ಬ್ಲೀಚಿಂಗ್ ಪೌಡರ್ ಬಂತು.

ಕಾರ್ಪೊರೇಟರ್ ಕೆಲಸ ಅಂದರೆ ಮುಖ್ಯವಾಗಿ ಇದೇ ಅಂತ ನನಗೆ ಅವತ್ತು ಅರ್ಥವಾಯಿತು. ನಮಗೆ ಬೀದಿ ಒಂದೇ. ಆಫೀಸುಗಳು ಮಾತ್ರ ಆರೇಳು. ದೀಪ ಪಾಲಿಕೆಯದು, ಕಂಬ ಕರೆಂಟ್ ಕಂಪನಿ ಬೆಸ್ಕಾಂನದು. ಮರದ ಕೊಂಬೆ ತಂತಿಗೆ ತಾಗಿದರೆ ಬೆಸ್ಕಾಂಗೆ ಹೇಳಬೇಕು, ಮರವೇ ವಾಲಿದರೆ ಪಾಲಿಕೆಯ ಅರಣ್ಯ ವಿಭಾಗಕ್ಕೆ. ಮ್ಯಾನ್‌ಹೋಲ್ ಉಕ್ಕಿದರೆ ಜಲಮಂಡಳಿ, ಮಳೆನೀರಿನ ಚರಂಡಿ ಕಟ್ಟಿಕೊಂಡರೆ ವಾರ್ಡ್ ಎಂಜಿನಿಯರ್, ಅದೇ ನೀರು ಹೋಗಿ ಸೇರುವ ರಾಜಕಾಲುವೆಗೆ ಇನ್ನೊಂದು ವಿಭಾಗ. ಕಸಕ್ಕೆ ಈಗ ಬೇರೆಯೇ ಕಂಪನಿ. ಬೆಸ್ಕಾಂ ನಂಬರ್ 1912, ಜಲಮಂಡಳಿಯದು 1916, ಪಾಲಿಕೆಗೆ 1533. ಆ ಅಜ್ಜಿ ಇದನ್ನೆಲ್ಲ ಎಲ್ಲಿ ನೆನಪಿಟ್ಟುಕೊಳ್ಳುತ್ತಾರೆ ಹೇಳಿ? ಅವರಿಗೆ ಬೇಕಾಗಿರುವುದು ಒಬ್ಬ ಮನುಷ್ಯ. ಹೋಗಿ ಬಾಗಿಲು ತಟ್ಟಿದರೆ "ಏನಮ್ಮಾ?" ಅನ್ನುವವರು. ಅಲ್ವಾ?

ಕಸದ ವಿಷಯವನ್ನೂ ಹೇಳಲೇಬೇಕು. ನಮ್ಮ ಬಸ್ ಸ್ಟಾಪ್ ಹಿಂದೆ ಟ್ರಾನ್ಸ್‌ಫಾರ್ಮರ್ ಇದೆ. ಅದರ ಬುಡದಲ್ಲಿ ದಿನಾ ಕಸದ ರಾಶಿ. ಎಷ್ಟು ಸಲ ಎತ್ತಿದರೂ ಮಾರನೇ ದಿನ ಅಷ್ಟೇ. ದೇವರ ಫೋಟೋ ಇಟ್ಟರು, ದಂಡ ಅಂತ ಬೋರ್ಡ್ ಹಾಕಿದರು, ಏನೂ ಆಗಲಿಲ್ಲ. ಅಲ್ಲಿ ಕಸ ಹಾಕುವವರನ್ನು ನಾವೆಲ್ಲ ಬೈದುಕೊಂಡು ಓಡಾಡುತ್ತಿದ್ದೆವು. ನಾನೂ ಬೈದಿದ್ದೇನೆ. ಅಕ್ಕ ಮೂರು ದಿನ ಬೆಳಗ್ಗೆ ಬಂದು ಅಲ್ಲೇ ನಿಂತರು. ಹಾಕುವವರನ್ನು ತಡೆಯಲಿಲ್ಲ, ಬರೀ ಮಾತಾಡಿಸಿದರು.

ಹಾಕುತ್ತಿದ್ದವರು ಹೆಚ್ಚಿನವರು ಹಿಂದಿನ ವಠಾರದ ಹೆಣ್ಣುಮಕ್ಕಳು. ಮೈಸೂರು ರಸ್ತೆ ಕಡೆಯ ಗಾರ್ಮೆಂಟ್ಸಿಗೆ ಹೋಗುವವರು. ಏಳೂಮುಕ್ಕಾಲಿಗೆ ಮನೆ ಬಿಟ್ಟರೆ ಬರುವುದು ರಾತ್ರಿಗೇ. ಕಸದ ಆಟೋ ಅವರ ಗಲ್ಲಿಗೆ ಬರುತ್ತಿದ್ದದ್ದು ಒಂಬತ್ತೂವರೆಗೆ. ಒಂದೇ ರೂಮಿನ ಮನೆಯಲ್ಲಿ ಹಸಿ ಕಸ ಇಟ್ಟುಕೊಂಡು ಏನು ಮಾಡಬೇಕು ಅವರು? ಅಕ್ಕ ಆಟೋ ದಾರಿಯನ್ನೇ ತಿರುಗಿಸಿದರು. ಮೊದಲು ವಠಾರ, ಆಮೇಲೆ ದೊಡ್ಡ ಮನೆಗಳ ರಸ್ತೆ. ಆರೂಮುಕ್ಕಾಲಿಗೆ ಆಟೋ ವಠಾರದ ಬಾಗಿಲಿಗೆ ಬರತೊಡಗಿತು. ಹದಿನೈದು ದಿನದಲ್ಲಿ ಟ್ರಾನ್ಸ್‌ಫಾರ್ಮರ್ ಬುಡ ಖಾಲಿ. ಪೌರಕಾರ್ಮಿಕ ಅಮ್ಮಂದಿರು ಅಲ್ಲಿ ನೀರು ಚೆಲ್ಲಿ ರಂಗೋಲಿ ಹಾಕಿದರು. ಅವರ ಮುಖ ಅವತ್ತು ನೋಡಬೇಕಿತ್ತು ನೀವು.

ಈಗ ಆ ಆಟೋ ಮತ್ತೆ ಒಂಬತ್ತರ ಮೇಲೆ ಬರುತ್ತೆ. ರಾಶಿಯೂ ವಾಪಸ್ ಬಂದಿದೆ.

ಅಕ್ಕನ ಹತ್ತಿರ ಒಂದು ಲಾಂಗ್ ನೋಟ್‌ಬುಕ್ ಇರುತ್ತಿತ್ತು. ಒಂದೊಂದು ರಸ್ತೆಗೆ ಒಂದೊಂದು ಪುಟ. ದೂರು, ತಾರೀಕು, ಹೇಳಿದವರ ಫೋನ್ ನಂಬರ್. ಕೆಲಸ ಆಯ್ತು ಅಂತ ಎಂಜಿನಿಯರ್ ಹೇಳಿದರೆ ಅವರು ಟಿಕ್ ಹಾಕುತ್ತಿರಲಿಲ್ಲ. ದೂರು ಕೊಟ್ಟವರಿಗೆ ಫೋನ್ ಮಾಡುತ್ತಿದ್ದರು. "ಆಯ್ತಾ? ಸರಿಯಾಗಿದೆಯಾ?" ಆಯ್ತು ಅಂದರೆ ಮಾತ್ರ ಕೆಂಪು ಪೆನ್ನಿನಲ್ಲಿ ಟಿಕ್. ಈ ಚಪ್ಪಡಿಗೆ ನಾನು ಆನ್‌ಲೈನಿನಲ್ಲಿ ದೂರು ಕೊಟ್ಟಿದ್ದೆ. ನಂಬರ್ ಬಂತು. ನಾಲ್ಕನೇ ದಿನ 'ಪರಿಹರಿಸಲಾಗಿದೆ' ಅಂತ ಮೆಸೇಜೂ ಬಂತು. ಚಪ್ಪಡಿ ಹಾಗೇ ಇದೆ. ಮೊಬೈಲಿನಲ್ಲಿ ದೂರು ಕೊಡುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಮೆಸೇಜಿಗೆ ತಿರುಗಿಸಿ ಕೇಳೋಕೆ ಒಬ್ಬರು ಬೇಕಲ್ಲ.

ಎಂಎಲ್ಎ ಇದ್ದಾರಲ್ಲ, ಅವರಿಗೆ ಹೇಳಿ ಅನ್ನುತ್ತಾರೆ ಕೆಲವರು. ಲೆಕ್ಕ ಹಾಕಿ ನೋಡಿ. ಹಿಂದಿನ 198 ವಾರ್ಡುಗಳನ್ನು ನಗರದ 28 ಎಂಎಲ್ಎಗಳಿಗೆ ಹಂಚಿದರೆ ಒಬ್ಬೊಬ್ಬರಿಗೆ ಸರಾಸರಿ ಏಳು ವಾರ್ಡು. 2011ರ ಜನಗಣತಿಯಲ್ಲಿ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ ಸುಮಾರು 84 ಲಕ್ಷ. ಆಗಲೇ ಒಂದು ವಾರ್ಡಿಗೆ 42 ಸಾವಿರ ಜನ ಬೀಳುತ್ತಿದ್ದರು, ಒಂದು ಕ್ಷೇತ್ರಕ್ಕೆ ಮೂರು ಲಕ್ಷ. ಅವರು ವಿಧಾನಸಭೆಗೆ ಹೋಗಿ ಕಾನೂನು ಮಾಡಬೇಕಾದವರು. ಒಡೆದ ಚಪ್ಪಡಿ ಹಿಂದೆ ಅವರು ಹೋಗಬೇಕು ಅನ್ನುವುದು ಅವರಿಗೂ ನ್ಯಾಯವಲ್ಲ, ನಮಗೂ ನ್ಯಾಯವಲ್ಲ.

ಕಾರ್ಪೊರೇಟರುಗಳೆಲ್ಲ ದೇವರು ಅಂತಲೂ ನಾನು ಹೇಳುವುದಿಲ್ಲ. ಕಮಿಷನ್ ಮಾತು ಎಲ್ಲರೂ ಕೇಳಿದ್ದೇವೆ. ಹುಟ್ಟುಹಬ್ಬಕ್ಕೆ ಬೀದಿ ತುಂಬ ಫ್ಲೆಕ್ಸ್ ಕಟ್ಟಿಸಿಕೊಳ್ಳುವವರನ್ನು ನೋಡಿದ್ದೇವೆ. ಚೆನ್ನಾಗಿದ್ದ ಚರಂಡಿಯನ್ನೇ ಒಡೆದು ಮತ್ತೆ ಕಟ್ಟಿದ್ದನ್ನೂ ನೋಡಿದ್ದೇವೆ. ಸಿಟ್ಟು ನನಗೂ ಇದೆ. ಆದರೆ ಕೆಟ್ಟ ಕಾರ್ಪೊರೇಟರನ್ನು ಐದು ವರ್ಷಕ್ಕೊಮ್ಮೆ ಮನೆಗೆ ಕಳಿಸಬಹುದು. ವಾರ್ಡ್ ಸಮಿತಿ ಸಭೆಯಲ್ಲಿ ಎದ್ದು ನಿಂತು ಕೇಳಬಹುದು. ನಮ್ಮ ಹೆಂಗಸರು ಕೇಳಿದರಲ್ಲ, ಹಾಗೆ. ವರ್ಗವಾಗಿ ಬಂದು ವರ್ಗವಾಗಿ ಹೋಗುವ ಅಧಿಕಾರಿಯನ್ನು ನಾವು ಏನಂತ ಕೇಳೋದು? ಅವರಲ್ಲೂ ಒಳ್ಳೆಯವರಿದ್ದಾರೆ, ಕಷ್ಟಪಟ್ಟು ಕೆಲಸ ಮಾಡುವವರಿದ್ದಾರೆ. ಬೀದಿ ಪರಿಚಯ ಆಗುವಷ್ಟರಲ್ಲಿ ಅವರಿಗೆ ಬೇರೆ ಕಡೆಗೆ ಆರ್ಡರ್ ಬಂದಿರುತ್ತೆ.

ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ನಗರಸಭೆ, ಪಾಲಿಕೆಗಳ ಅವಧಿ ಐದು ವರ್ಷ, ಅದು ಮುಗಿಯುವುದರೊಳಗೆ ಚುನಾವಣೆ ಆಗಲೇಬೇಕು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಬೆಂಗಳೂರಿನಲ್ಲಿ ಅದು ತಪ್ಪಿದ್ದು ಇದೇ ಮೊದಲಲ್ಲ. 2006ರ ನವೆಂಬರಿನಿಂದ 2010ರವರೆಗೂ ಕೌನ್ಸಿಲ್ ಇರಲಿಲ್ಲ. ಈ ಸಲ 2020ರ ಡಿಸೆಂಬರಿನಲ್ಲಿ ಹೈಕೋರ್ಟು ಬೇಗ ಚುನಾವಣೆ ನಡೆಸಿ ಅಂದಿತು, ಅದೇ ತಿಂಗಳು ಸುಪ್ರೀಂ ಕೋರ್ಟಿನಿಂದ ತಡೆ ಬಂತು. ವಾರ್ಡು 198 ಇದ್ದದ್ದು 243 ಆಯಿತು, ಆಮೇಲೆ 225 ಆಯಿತು. 2025ರ ಸೆಪ್ಟೆಂಬರಿನಲ್ಲಿ ಇಡೀ ನಗರಕ್ಕೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು. ಈಗ ಎಲ್ಲ ಸೇರಿ 360ಕ್ಕೂ ಹೆಚ್ಚು ವಾರ್ಡು.

ವಾರ್ಡು ಚಿಕ್ಕದಾದದ್ದು ನನಗೆ ನಿಜವಾಗಿಯೂ ಖುಷಿ. ಹಳೇ ಜನಗಣತಿ ಲೆಕ್ಕದಲ್ಲಿ ಒಂದು ವಾರ್ಡಿಗೆ 23 ಸಾವಿರದ ಆಸುಪಾಸು ಜನ. ಅಷ್ಟು ಜನರ ಬೀದಿಗಳನ್ನು ಒಬ್ಬರು ನಡೆದೇ ನೋಡಬಹುದು. ಆದರೆ ನಡೆಯುವವರು ಬರಬೇಕಲ್ಲ.

ಅಕ್ಕ ಈಗಲೂ ಇದೇ ಏರಿಯಾದಲ್ಲಿದ್ದಾರೆ. ಶನಿವಾರ ಸಕ್ಕರೆ, ಕಾಫಿಪುಡಿಗೆ ಬಂದಿದ್ದರು. ಅಜ್ಜಿ ಬಿದ್ದದ್ದು ಹೇಳಿದೆ. ತಕ್ಷಣ ಮೊಬೈಲ್ ತೆಗೆದು ಯಾರಿಗೋ ಫೋನ್ ಮಾಡಿದರು. ಆ ಕಡೆಯವರು ಬೇರೆ ಕಡೆಗೆ ವರ್ಗವಾಗಿದ್ದರಂತೆ. ಹೊಸಬರ ನಂಬರ್ ಬರೆದುಕೊಂಡು ಅವರಿಗೂ ಮಾಡಿದರು. ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದರು.

"ಹೇಳಿದ್ದೀನಿ ಅಣ್ಣಾ. ಆದ್ರೆ ನಾನೀಗ ಮಾಜಿ. ನಾನು ಹೇಳಿದ್ದನ್ನ ಅವರು ಕೇಳಲೇಬೇಕು ಅಂತೇನಿಲ್ಲ."

ಸದ್ಯಕ್ಕೆ ನಮ್ಮ ಬೀದಿಯ ಹುಡುಗರು ಆ ಗುಂಡಿ ಮೇಲೆ ಹಲಗೆ ಹಾಕಿ, ಕೋಲಿಗೆ ಕೆಂಪು ಬಟ್ಟೆ ಕಟ್ಟಿ ನಿಲ್ಲಿಸಿದ್ದಾರೆ. ರಾತ್ರಿ ಹೊತ್ತು ಆ ಕಡೆ ನಡೆಯುವವರು ಜೋಪಾನ, ಬೆಳಕಿಲ್ಲ.

ಇನ್ನೊಂದು ಮಾತು ನಮ್ಮ ವಾರ್ಡಿನವರಿಗೆ. ಚುನಾವಣೆ ಆಗುತ್ತೆ ಅಂತ ಎಲ್ಲ ಕಡೆ ಮಾತಿದೆ. ವಾರ್ಡಿನ ಗಡಿ ಬದಲಾಗಿದೆ, ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಯಾವ ವಾರ್ಡಿಗೆ ಹೋಗಿದೆ ಅಂತ ನೋಡಿಕೊಳ್ಳಿ. ಅಂಗಡಿ ಕೌಂಟರ್ ಮೇಲೆ, ಬಿಸ್ಕತ್ತಿನ ಡಬ್ಬಿಗಳ ಪಕ್ಕ, ಒಂದು ಲಾಂಗ್ ನೋಟ್‌ಬುಕ್ ಇಟ್ಟಿದ್ದೇನೆ. ರಸ್ತೆಗೊಂದು ಪುಟ. ಬಂದಾಗ ನಿಮ್ಮ ಮನೆ ಮುಂದಿನ ತೊಂದರೆ ಬರೆದು ಹೋಗಿ. ಓದೋಕೆ ಬರೆಯೋಕೆ ಬಾರದವರು ಹೇಳಿದರೆ ನಾನೇ ಬರೆದುಕೊಳ್ಳುತ್ತೇನೆ. ವೋಟು ಕೇಳೋಕೆ ಯಾರೇ ಬರಲಿ, ಯಾವ ಪಕ್ಷದವರೇ ಬರಲಿ, ಹಾರ ಹಾಕುವ ಮೊದಲು ಈ ಪುಸ್ತಕ ಕೈಗೆ ಕೊಡೋಣ. ಮೊದಲ ಪುಟದಲ್ಲಿ ಆ ಚಪ್ಪಡಿ ಬರೆದಿದ್ದೇನೆ. ಕೆಂಪು ಪೆನ್ನು ನೋಟ್‌ಬುಕ್ಕಿನ ಒಳಗೇ ಇದೆ.